ಇನ್ನೂರ ಹತ್ತೊಂಬತ್ತು ಮಾರು

ಪೆನ್‌ಡ್ರೈವನ್ನು ಕೌಂಟರಿನ ಗಾಜಿನ ಮೇಲಿಟ್ಟು ರತನ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವನದು ಯಾವಾಗಲೂ ಹಾಗೆಯೇ. ಇಡುವುದು, ಹಿಂದೆ ಸರಿಯುವುದು, ಆಮೇಲೆ ತನಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಹೈವೇಯ ಲಾರಿಗಳನ್ನು ನೋಡುವುದು.

"ಎಂತ ಆಯ್ಕ್?" ನವ್ಯಶ್ರೀ ಕೇಳಿದಳು.

"ಅದ್ರಗೆ ಒಂದ್ ಫೈಲ್ ಇತ್ತ್. ಪಿಡಿಎಫ್ ಮಾಡಿ ಕೊಡ್ಕ್."

ಅವಳು ಫೈಲು ತೆರೆದಳು. ಪಡುಮನೆ ಕೈರಂಪಣಿ ಗುಂಪಿನ ಸದಸ್ಯರ ಪಟ್ಟಿ. ದಡದಲ್ಲಿ ನಿಂತು ಬಲೆ ಎಳೆಯುವ ಮೂವತ್ತೆರಡು ಗಂಡಸರ ಹೆಸರು, ತಂದೆಯ ಹೆಸರು, ವಯಸ್ಸು. ಈ ಪಟ್ಟಿ ಅವಳಿಗೆ ಈಗ ಬಾಯಿಪಾಠವಾಗಿತ್ತು.

"ಇದ್ ಹ್ವಾದ ಸೋಮಾರ ಪಿಡಿಎಫೇ ಇದ್ದಿತ್ತ್. ನೀವೇ ವರ್ಡ್ ಮಾಡಿ ಅಂದ್ರಿ. ಮಾಡಿ ಕೊಟ್ಟೆ."

"ಹೌದ್."

"ಈಗ ವಾಪಾಸ್ ಪಿಡಿಎಫ್ ಎಂತಕೆ?"

"ವರ್ಡ್ ಬ್ಯಾಡ ಅಂಬ್ರ್."

"ಯಾರ್ ಅಂಬ್ರ್?"

ರತನ್ ಹೈವೇ ನೋಡಿದ. "ಕೇಂಡವ್ರ್."

ಜೆರಾಕ್ಸ್ ಯಂತ್ರದ ಹಿಂದಿನಿಂದ ಅಂಗಡಿಯ ಯಜಮಾನ ಸುಧಾಕರಣ್ಣ ಕತ್ತೆತ್ತಿದರು. "ಅದ್ರ್ ಹಿಂದಿನ ವಾರ ಫೋಟೋ ಮಾಡ್ಸಿದ್ದ ಮರಾಯ್ತಿ. ಆ ಫೈಲಿಗೆ ತಲೆ ತಿರ್ಗಿ ಬೀಳುಕ್ ಆಯ್ತ್."

ನವ್ಯಶ್ರೀ ನಗಲಿಲ್ಲ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಫೈಲು ಬದಲಿಸಿಕೊಡುವ ಸೈಟಿಗೆ ಹೋಗಿ ಪಟ್ಟಿಯನ್ನು ಏರಿಸಿದಳು. ಪರದೆಯ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತ್ರಾಸಿಯಲ್ಲಿ ಮಧ್ಯಾಹ್ನದ ಹೊತ್ತು ನೆಟ್ ನಿಧಾನ. ಆ ಚಕ್ರ ತಿರುಗಿ ಮುಗಿಯುವ ತನಕ ಅವನು ನಿಲ್ಲಬೇಕು, ಅವಳು ಕೂರಬೇಕು, ಇಬ್ಬರಿಗೂ ಬೇರೆ ಕೆಲಸವಿಲ್ಲ.

ಅವನು ಕೌಂಟರಿನ ಗಾಜಿನೊಳಗಿನ ಪೆನ್ನುಗಳನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಹೊಳೆಯಿತು, ಆ ಗಾಜಿನಲ್ಲಿ ಅವಳ ಮುಖ ಕಾಣುತ್ತದೆ. ಅವಳು ತಲೆ ಬಗ್ಗಿಸಿದಳು. ಗಾಜಿನೊಳಗೆ ಇಬ್ಬರ ಕಣ್ಣೂ ಕೂಡಿದವು. ಅವನು ತಟ್ಟನೆ ಒಂದು ಪೆನ್ನು ತೋರಿಸಿ, "ಇದೊಂದ್ ಕೊಡಿ," ಎಂದ. ಅದು ಅವನು ಕೊಂಡ ನಾಲ್ಕನೆಯ ಪೆನ್ನು.

ಇವನಿಗೆ ಬೇಕಾದ್ದು ಫೈಲೋ, ಪೆನ್ನೋ, ಬೇರೆ ಏನೋ? ಬೇಕಾದ್ದನ್ನು ಬಾಯಿಬಿಟ್ಟು ಹೇಳುವ ಜನದ ನಡುವೆ ಬೆಳೆದವಳು ಅವಳು. ಅವಳ ತಾಯಿ, ಬಾಗಿ ಎಂದು ಹೆಸರು, ಬೆಳಿಗ್ಗೆ ತ್ರಾಸಿಯ ಕಡಲಬದಿಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ವಂಡ್ಸೆ ಪೇಟೆಯಲ್ಲಿ ಕೂತು ವ್ಯಾಪಾರ ಮಾಡುವವಳು. ಅಲ್ಲಿ ಯಾರೂ ಗಾಜಿನಲ್ಲಿ ನೋಡುವುದಿಲ್ಲ. ಬೇಕಾದರೆ ಬೇಕು, ಬ್ಯಾಡಾದರೆ ಬ್ಯಾಡ.

*

ನವೆಂಬರಿನ ಮೂರನೆಯ ವಾರ ಅವನು ಬಂದಾಗ ಕೈಯಲ್ಲಿ ಪೆನ್‌ಡ್ರೈವ್ ಇರಲಿಲ್ಲ. ಮುಖದಲ್ಲಿ ನಿಜವಾದ ಕೆಲಸದ ಗಡಿಬಿಡಿ ಇತ್ತು.

"ಗುಂಪಿಗೆ ಹೊಸ ಬಲೆ ಬಂತ್. ಕಂಪೆನಿಯವ್ರ್ ಮೇಲ್ ಕಳ್ಸಿರಂಬ್ರ್. ಕಾಣಿ ಒಂಚೂರ್."

ಗುಂಪಿನ ಹೆಸರಿಗೆ ಇ-ಮೇಲ್ ಮಾಡಿಕೊಟ್ಟವಳು ಅವಳೇ. ತೆರೆದಳು. ಇಂಗ್ಲಿಷಿನ ಒಂದು ಪಿಡಿಎಫ್. ಬಲೆಯ ಕಣ್ಣಿನ ಅಳತೆ, ನೂಲಿನ ದಪ್ಪ, ಕೊನೆಗೆ ಮೇಲಂಚಿಗೆ ಕಟ್ಟಬೇಕಾದ ಹಗ್ಗದ ಉದ್ದ, ನಾಲ್ಕು ನೂರು ಮೀಟರ್.

"ನಾಕ್ನೂರ್ ಮೀಟರ್ ಅಂದ್ರೆ ಎಷ್ಟ್ ಮಾರ್?" ಎಂದು ರತನ್ ಕೇಳಿದ. "ನಮ್ಮಲ್ಲಿ ಹಗ್ಗ ಕೊಯ್ವವ್ರಿಗೆ ಮೀಟರ್ ಬತ್ತಿಲ್ಲೆ. ಹಳೆ ಬಲೆ ಲೆಕ್ಕ ಇದ್ಕೆ ಆತಿಲ್ಲೆ ಅಂಬ್ರ್, ಇದ್ರ್ ಕಟ್ಟುದೇ ಬ್ಯಾರೆ ನಮೂನಿ. ಮಾರ್ ಲೆಕ್ಕ ಬರ್ದ್ ಕೊಟ್ರೆ ನಾಳೆ ಕೊಯ್ದ್ ಕಟ್ಟುಕೆ ಸುರು ಮಾಡ್ತ್ರ್."

ಅಳತೆ ಬದಲಿಸುವ ಸೈಟು ಅವಳಿಗೆ ಅಂಗೈಯಷ್ಟೇ ಪರಿಚಿತ. ಎಡಗಡೆಯ ಚೌಕದಲ್ಲಿ ಒಂದು ಅಂಕಿ ಹಾಕಿದರೆ ಬಲಗಡೆಯ ಚೌಕದಲ್ಲಿ ಇನ್ನೊಂದು ಬರುತ್ತದೆ. ಸೆಂಟ್ಸು ಎಕರೆಯಾಗುತ್ತದೆ, ಅಡಿ ಮೀಟರಾಗುತ್ತದೆ. ಮಾರು ಮಾತ್ರ ಅಲ್ಲಿ ಇರಲಿಲ್ಲ. ಹುಡುಕಿದಳು. ಎರಡು ಕೈಯನ್ನೂ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಉದ್ದಕ್ಕೆ ಹಡಗಿನವರು ಫ್ಯಾದಮ್ ಅನ್ನುತ್ತಾರೆ, ಅದು ಆರು ಅಡಿ ಎಂದು ಒಂದು ಕಡೆ ಸಿಕ್ಕಿತು.

"ಮಾರ್ ಅಂದ್ರೆ ಹಿಂಗೇ ಅಲ್ದಾ?" ಎಂದು ಅವಳು ಕೂತಲ್ಲೇ ಕೈ ಚಾಚಿದಳು.

"ಹೌದ್, ಹಿಂಗೆ," ಎಂದು ಅವನೂ ಚಾಚಿದ. ಬಲಗೈ ಗೋಡೆಯ ಕ್ಯಾಲೆಂಡರಿಗೆ ತಾಗಿತು, ಎಡಗೈ ಸುಧಾಕರಣ್ಣನ ಚಾ ಲೋಟದ ಹತ್ತಿರ ಹೋಯಿತು. ಉದ್ದನೆಯ ಆಳು. ಹಗ್ಗ ಎಳೆದು ಎಳೆದು ಬೆಳೆದ ತೋಳು. ಅಂಗೈಯಲ್ಲಿ ಅಡ್ಡಡ್ಡ ಕಪ್ಪು ಗೆರೆ ಮೂಡಿತ್ತು. ಆ ತೋಳುಗಳ ಈ ತುದಿಯಿಂದ ಆ ತುದಿಯವರೆಗೆ ಅವಳ ಕಣ್ಣು ಒಮ್ಮೆ ಹೋಗಿ ಬಂತು, ಬರುವಾಗ ನಡುವೆ ಅವನ ಮುಖದಲ್ಲಿ ಸ್ವಲ್ಪ ಹೊತ್ತು ನಿಂತಿತು. ಅವನು ಕೈ ಇಳಿಸುವುದನ್ನು ಮರೆತಿದ್ದ.

"ಆರ್ ಅಡಿ ಇತ್ತ್," ಎಂದಳು. ಅಳೆಯದೆಯೇ ಹೇಳಿದಳು.

"ಇಪ್ಪುಕೂ ಸಾಕ್."

"ಕೈ ಇಳ್ಸ್ ಮರಾಯ, ಚಾ ಚೆಲ್ತ್," ಎಂದರು ಸುಧಾಕರಣ್ಣ.

ಸೈಟು ಇನ್ನೂರ ಹದಿನೆಂಟು ಬಿಂದು ಏಳು ಎಂದಿತು.

"ಬಿಂದು ಏಳ್ ಮಾರ್ ಅಂದ್ರೆ ಎಷ್ಟ್?" ರತನ್ ಕೇಳಿದ.

"ಒಂದ್ ಕೈ ಪೂರ್ತಿ, ಇನ್ನೊಂದ್ರಗೆ ಮೊಣಕೈ ತನ್ಕವೂ ಇಲ್ಲೆ," ಎಂದಳು ಅವಳು. ಇಬ್ಬರೂ ನಕ್ಕರು. ಇನ್ನೂರ ಹತ್ತೊಂಬತ್ತು ಎಂದು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಟ್ಟಳು. ಅವನು ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ. ಹೋಗಲಿಲ್ಲ.

"ಮತ್ತೆಂತ?"

"ಎಂತ ಇಲ್ಲೆ. ಬಲೆ ಕಟ್ಟಿ ಮೊದ್ಲನೇ ಸಲ ಎಳುವತಿಗೆ..." ಎಂದವನು ಅಲ್ಲಿಗೆ ನಿಲ್ಲಿಸಿ, "ಬತ್ತೆ," ಎಂದು ಹೊರಟುಬಿಟ್ಟ.

ಎಳೆಯುವಾಗ ಏನು? ಬನ್ನಿ ಎನ್ನಲು ಹೊರಟಿದ್ದನೇ? ಮೀನು ತಂದು ಕೊಡುತ್ತೇನೆ ಎನ್ನಲೇ? ಸಂಜೆಯ ಬಸ್ಸಿನಲ್ಲಿ ಹೆಮ್ಮಾಡಿ ದಾಟಿ ವಂಡ್ಸೆಯ ಕಡೆ ತಿರುಗುವ ತನಕ ಅವಳು ಆ ಅರ್ಧ ಮಾತನ್ನು ನಾನಾ ರೀತಿ ಮುಗಿಸಿ ನೋಡಿದಳು. ಯಾವುದೂ ಸರಿ ಕೂರಲಿಲ್ಲ.

*

ಆಮೇಲೆ ಅವನು ಬರಲಿಲ್ಲ.

ಮೊದಲ ನಾಲ್ಕು ದಿನ ಬಲೆ ಕಟ್ಟುವ ಕೆಲಸ ಇರಬಹುದು ಎಂದುಕೊಂಡಳು. ವಾರವಾಯಿತು. ಹತ್ತು ದಿನವಾಯಿತು. ಯಾರಾದರೂ ಪೆನ್‌ಡ್ರೈವನ್ನು ಗಾಜಿನ ಮೇಲಿಟ್ಟ ಸದ್ದಾದರೆ ಕತ್ತು ಎತ್ತುವ ಮೊದಲೇ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಎತ್ತಿದರೆ ಯಾರೋ ಕಾಲೇಜಿನ ಹುಡುಗಿ, ಪ್ರಾಜೆಕ್ಟು ಪಿಡಿಎಫ್ ಮಾಡಬೇಕು.

ಹನ್ನೊಂದನೆಯ ದಿನ ಅವನು ಕಂಡ. ರಸ್ತೆಯ ಆಚೆ, ಬಸ್‌ಸ್ಟ್ಯಾಂಡಿನಲ್ಲಿ. ಅವಳು ಕೂತಲ್ಲಿಂದಲೇ ಕೈ ಎತ್ತಿದಳು. ಅವನು ನೋಡಿದ. ನೋಡಿದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ನೋಡಿ ಮುಖ ತಿರುಗಿಸಿ, ಬಂದ ಬಸ್ಸಿನ ಬೋರ್ಡು ಕೂಡ ಓದದೆ ಹತ್ತಿಬಿಟ್ಟ.

"ಅವ್ನ್ ಬೈಂದೂರಿನ್ ಬಸ್ ಹತ್ತಿದ. ಅವ್ನ ಮನೆ ಈ ಬದಿಗ್ ಅಲ್ದಾ?" ಎಂದರು ಸುಧಾಕರಣ್ಣ.

ನವ್ಯಶ್ರೀ ಪರದೆಗೆ ಕಣ್ಣು ನೆಟ್ಟಳು. ತಾನೇನು ಅಂದೆ? ಮೊಣಕೈ ಮಾತು ತಮಾಷೆಗೆ ಅಂದದ್ದು, ಅವನೂ ನಕ್ಕಿದ್ದನಲ್ಲ. ತೋಳು ನೋಡಿದ್ದು ಹೆಚ್ಚಾಯಿತೇ? ಅಥವಾ ಅವನಿಗೆ ಏನೂ ಇರಲೇ ಇಲ್ಲವೇ, ಗಾಜಿನಲ್ಲಿ ಕಂಡದ್ದು ತನ್ನದೇ ಮುಖದ ಆಸೆಯೇ? ಆ ದಿನ ಯಾರದೋ ಎರಡು ಎಕರೆ ಗದ್ದೆಯನ್ನು ಅವಳು ಇಪ್ಪತ್ತು ಎಕರೆ ಮಾಡಿ ಕೊಟ್ಟಳು. ಸುಧಾಕರಣ್ಣ ಕಂಡು ತಿದ್ದಿಸಿದರು.

*

ಶನಿವಾರ ಸಂಜೆ ವಂಡ್ಸೆಯ ಮನೆಯ ಹಿತ್ತಿಲಿನಲ್ಲಿ ಬಾಗಿ ಮಾರದೆ ಉಳಿದ ಬಂಗುಡೆಯನ್ನು ಕೊಯ್ಯುತ್ತಿದ್ದಳು. ನವ್ಯಶ್ರೀ ನೀರು ಹಾಕುತ್ತಿದ್ದಳು.

"ಪಡುಮನೆ ಗುಂಪಿನವ್ರ ಹೊಸ ಬಲೆ ಹಾಳಾಯ್ತ್ ಹೆಣೆ," ಎಂದಳು ಬಾಗಿ. "ಮೇಲಿನ್ ಹಗ್ಗ ಗಿಡ್ಡ ಆಯ್ತಂಬ್ರ್. ಬಲೆ ಪೂರಾ ಮುದ್ದೆ ಕಟ್ಟಿ, ಬಿದ್ದ ಮೀನೆಲ್ಲ ಸುರುಳಿ ಸಂದಿಯಗೆ ಜಾರಿ ಹೋಯ್ತ್. ಮೊದ್ಲನೇ ಎಳ್ತ. ಮೂವತ್ತ್ ಜನ ಬರಿಗೈಯಗೆ ಮನೆಗ್ ಹೋದ್ರ್."

ನವ್ಯಶ್ರೀಯ ಕೈಯಲ್ಲಿ ಚೊಂಬು ನಿಂತಿತು. "ಹಗ್ಗ ಕೊಯ್ದದ್ ಯಾರ್?"

"ಕೊಯ್ದವ್ರ್ ಯಾರಾರ್ ಎಂತ, ಲೆಕ್ಕ ತಂದದ್ ರತನ್ ಹೇಳುವ ಹೈದ. ಗುಂಪಿನ ಯಜಮಾನ ಪದ್ದು ಎಲ್ರ ಎದ್ರಿಗೆ ಕೇಂಡ, ಈ ಲೆಕ್ಕ ನಿಂಗೆ ಯಾರ್ ಮಾಡಿ ಕೊಟ್ಟದ್ ಅಂದೇಳಿ. ನಾನೇ ಮಾಡದ್ದ್ ಅಂದ ಆ ಹೈದ. ಬೈಸ್ಕಂಡ. ಈಗ ರತ್ನಗಿರಿ ಬೋಟಿಗೆ ಹೋತ ಅಂಬ್ರ್, ನಾಳೆ ಸಂಜಿ ಬಸ್ಸಿಗೆ. ಇನ್ನ್ ಮಳೆಗಾಲಕ್ಕೇ ಬಪ್ಪುದ್."

ಅವಳು ಒಳಗೆ ಹೋಗಿ ಕೂತಳು. ಲೆಕ್ಕ ಮಾಡಿದ್ದು ತಾನು. ಅವನು ಅದನ್ನು ತನ್ನ ಮೇಲೆ ಹಾಕಿಕೊಂಡ. ಹಾಕಿಕೊಂಡವನು ತನ್ನನ್ನು ಕಂಡು ಮುಖ ಏಕೆ ತಿರುಗಿಸಿದ? ಸಿಟ್ಟೇ? ಸಿಟ್ಟಿದ್ದರೆ ಹೆಸರು ಹೇಳಬಹುದಿತ್ತಲ್ಲ. ಒಂದು ಗಂಟು ಬಿಚ್ಚಿದರೆ ಅದರೊಳಗೆ ಇನ್ನೊಂದು ಗಂಟು.

ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮತ್ತೆ ಮಾಡಿದಳು. ನಾಲ್ಕು ನೂರು ಮೀಟರ್, ಆರು ಅಡಿಯ ಮಾರು. ಇನ್ನೂರ ಹದಿನೆಂಟು ಬಿಂದು ಏಳು. ಮೂರು ಸಲ ಮಾಡಿದರೂ ಅದೇ. ಲೆಕ್ಕ ಸರಿ, ಹಗ್ಗ ಗಿಡ್ಡ. ಇದು ಹೇಗೆ ಸಾಧ್ಯ?

ಹಿತ್ತಿಲಿಗೆ ವಾಪಸು ಬಂದಳು. "ಅಮ್ಮ, ಒಂದ್ ಮಾರ್ ಅಂದ್ರೆ ಎಷ್ಟ್?"

"ಯಾರ ಮಾರ್?" ಎಂದಳು ಬಾಗಿ, ಮೀನಿನಿಂದ ಕಣ್ಣು ಎತ್ತದೆ.

"ಯಾರದ್ ಅಂದ್ರೆ?"

"ನನ್ನ ಮಾರ್ ಬ್ಯಾರೆ, ನಿಂದ್ ಬ್ಯಾರೆ. ಕಡಲಬದಿಯಗೆ ಒಂದೊಂದ್ ಗುಂಪಿಗೆ ಒಬ್ಬನ ಮಾರ್. ಇವತ್ತ್ ಇವ ಅಳ್ದ್, ನಾಳೆ ಅವ ಅಳ್ದ್ರೆ ಬಲೆ ಸಮಾ ಬತ್ತಾ? ಪಡುಮನೆಯವ್ರಿಗೆ ಮುತ್ತ ಹೇಳುವ ಅಜ್ಜನ ಮಾರೇ ಮಾರ್. ನಲ್ವತ್ ವರ್ಷದಿಂದ ಅಜ್ಜನೇ ಕೈ ಚಾಚುದ್."

"ಮುತ್ತಜ್ಜ ಉದ್ದ ಇದ್ರಾ?"

ಬಾಗಿ ಈಗ ಕತ್ತೆತ್ತಿದಳು. "ಉದ್ದವಾ? ನನ್ನ ಕಿವಿಗ್ ಬತ್ತ." ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆ ಲೆಕ್ಕ ನೀನ್ ಮಾಡದ್ದಾ?"

ನವ್ಯಶ್ರೀ ಹೌದೆಂದು ತಲೆಯಾಡಿಸಿದಳು. ಬಾಗಿ ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು.

"ನಾಳೆ ಬೆಳಿಗ್ಗೆ ನಾನೂ ನಿನ್ನೊಟ್ಟಿಗ್ ಕಡಲಬದಿಗೆ ಬತ್ತೆ," ಎಂದಳು ನವ್ಯಶ್ರೀ.

"ನೀನ್ ಹೇಳ್ರೆ ಅವ್ರ್ ಬೈತ್ರ್. ನಂಗೆ ನಾಳೆಯಿಂದ ಮೀನ್ ಕೊಡುಕೂ ಒಂದ್ ಮಾತ್ ಅಂತ್ರ್."

"ಹೇಳ್ದಿದ್ರೆ ಅವ್ರ್ ರತ್ನಗಿರಿಗೆ ಹೋತ್ರ್ ಅಮ್ಮ."

ಆಡಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಬಾಗಿ ಮೀನಿಗೆ ಉಪ್ಪು ಹಾಕಿ ಒಳಗೆ ನಡೆದಳು. "ಆರ್ ಗಂಟಿ ಬಸ್ಸಿಗ್ ಹೊರ್ಡ್ಕ್," ಎಂದಳು ಬಾಗಿಲಿನಿಂದ.

*

ಗುಂಪಿನವರು ದೋಣಿಯ ನೆರಳಿನಲ್ಲಿ ಕೂತಿದ್ದರು. ಹಳೆಯ ಬಲೆಯನ್ನೇ ಬಿಟ್ಟು ಬಂದಿದ್ದರು, ಎಳೆಯುವ ಹೊತ್ತು ಇನ್ನೂ ಆಗಿರಲಿಲ್ಲ. ಹೊಸ ಬಲೆ ಒಂದು ಬದಿಯಲ್ಲಿ ನೀಲಿ ರಾಶಿಯಾಗಿ ಬಿದ್ದಿತ್ತು.

ಮೂವತ್ತೆರಡು ಹೆಸರೂ ಅವಳಿಗೆ ಗೊತ್ತು, ಮುಖಗಳು ಗೊತ್ತಿಲ್ಲ. ಗೊತ್ತಿದ್ದ ಮುಖ ಒಂದೇ, ಅದು ರಾಶಿಯ ಆಚೆ ನಿಂತು ಅವಳನ್ನು ಕಂಡು ಬೆಚ್ಚಿತು.

"ಪದ್ದಣ್ಣ ಯಾರ್?" ಎಂದಳು.

ಬೀಡಿ ಹಿಡಿದ ಒಬ್ಬ ದಪ್ಪ ಗಂಡಸು ತಿರುಗಿದ. "ನಾನೇ. ಎಂತ?"

"ಹಗ್ಗದ ಲೆಕ್ಕ ಮಾಡದ್ದ್ ನಾನ್. ಇವ್ರಲ್ಲ."

ರತನ್ ಮುಂದೆ ಬಂದ. "ಇಲ್ಲೆ ಪದ್ದಣ್ಣ, ಅವ್ರಿಗ್ ಎಂತ ಗೊತ್ತಿಲ್ಲೆ..."

"ನೀವ್ ಒಂಚೂರ್ ಸುಮ್ನಿರಿ," ಎಂದಳು ನವ್ಯಶ್ರೀ. ಚೀಲದಿಂದ ಉದ್ದನೆಯ ಅಳತೆ ಟೇಪು ತೆಗೆದಳು. "ಮುತ್ತಜ್ಜ ಯಾರ್? ಒಂದ್ ಸಲ ಕೈ ಚಾಚ್ತ್ರ್ಯಾ ಅಜ್ಜ?"

ಮುತ್ತಜ್ಜ ಎದ್ದ. ನಿಜಕ್ಕೂ ಅವಳ ತಾಯಿಯ ಕಿವಿಯಷ್ಟೇ ಎತ್ತರ. ಎದೆಯ ಬಿಳಿ ಕೂದಲ ಮೇಲೆ ಉಪ್ಪು ಒಣಗಿತ್ತು. ಏನು ಎತ್ತ ಎಂದು ಕೇಳದೆ, ನಲವತ್ತು ವರ್ಷದ ಅಭ್ಯಾಸದಲ್ಲಿ, ಎರಡೂ ಕೈ ಚಾಚಿ ನಿಂತ. ಅವಳು ಟೇಪಿನ ಒಂದು ತುದಿಯನ್ನು ಅಜ್ಜನ ಬೆರಳಿಗೆ ಹಿಡಿದಳು. ಇನ್ನೊಂದು ತುದಿಯನ್ನು ಹಿಡಿಯಲು ಯಾರಾದರೂ ಬೇಕಿತ್ತು. ಯಾರೂ ಏಳಲಿಲ್ಲ. ರತನ್ ಬಂದು ಹಿಡಿದ, ಅವಳ ಮುಖ ನೋಡದೆ.

"ಅರ್ವತ್ಮೂರ್ ಇಂಚ್," ಎಂದಳು. "ಐದ್ ಅಡಿ ಮೂರ್ ಇಂಚ್. ನಾನ್ ಆರ್ ಅಡಿ ಅಂದೇಳಿ ಲೆಕ್ಕ ಮಾಡಿದ್ದೆ. ಅಜ್ಜನ ಕೈಯಗೆ ಇನ್ನೂರೈವತ್ ಮಾರ್ ಬೇಕಿತ್ತ್. ಮೂವತ್ತೊಂದ್ ಮಾರ್ ಕಮ್ಮಿ ಆಯ್ತ್."

ಪದ್ದು ಟೇಪನ್ನೂ ಅಜ್ಜನನ್ನೂ ಒಮ್ಮೆ ನೋಡಿದ.

"ಕಂಪ್ಯೂಟರ್ ತಪ್ಪ್ ಮಾಡತ್ತಾ?" ಎಂದ ಪದ್ದು.

"ಕಂಪ್ಯೂಟರಿಗೆ ಅಜ್ಜನ ಗುರ್ತ ಇಲ್ಲೆ ಅಣ್ಣ. ನಾನ್ ಕೇಣುಕಿತ್ತ್, ಯಾರ ಮಾರ್ ಅಂದೇಳಿ. ಕೇಣಲಿಲ್ಲೆ. ತಪ್ಪ್ ನಂದೇ."

ಮುತ್ತಜ್ಜ ಇನ್ನೂ ಕೈ ಚಾಚಿಯೇ ನಿಂತಿದ್ದ. "ಐದ್ ಅಡಿ ಮೂರ್ ಇಂಚಾ," ಎಂದ. "ಇಷ್ಟ್ ವರ್ಷ ನನ್ನನ್ನ ಗಿಡ್ಡ ಅಂದೇಳಿ ಯಾರೂ ಹೇಳಲಿಲ್ಲೆ ಕಾಣ್."

ಚಂದ್ರ ಎನ್ನುವವನು ಮೊದಲು ನಕ್ಕ. ಆಮೇಲೆ ಒಬ್ಬೊಬ್ಬರಾಗಿ ನಕ್ಕರು. ಪದ್ದು ಮಾತ್ರ ನಗಲಿಲ್ಲ, ಆದರೆ ಬೀಡಿಯನ್ನು ಮರಳಿಗೆ ಒತ್ತಿದ. "ಕಮ್ಮಿ ಆದ್ದಕ್ಕೆ ತುಂಡ್ ಹಗ್ಗ ಸೇರ್ಸುಕ್ ಆತ್ತಾ ಅಜ್ಜ?"

"ಎರ್ಡ್ ತಲೆಗೂ ಅರ್ಧರ್ಧ ಸೇರ್ಸಿ, ಬಲೆ ಬಿಚ್ಚಿ ಕಟ್ರೆ ಆತ್ತ್. ಗಂಟ್ ಬಲೆ ನಡು ಹೊಟ್ಟೆಗ್ ಬಪ್ಪುಕಾಗ, ಅಷ್ಟೇ. ಹದ್ನೈದ್ ದಿನದ ಕೆಲ್ಸ."

ರತನ್ ಟೇಪಿನ ತುದಿ ಬಿಟ್ಟು ದೋಣಿಯ ಹಿಂಬದಿಗೆ ನಡೆದಿದ್ದ. ಅವಳು ಹಿಂದೆಯೇ ಹೋದಳು.

"ಎಂತಕೆ ಬಂದ್ರಿ?" ಎಂದ ಅವನು, ಕಡಲಿಗೆ ಮುಖ ಮಾಡಿ.

"ನೀವ್ ಎಂತಕೆ ಸುಳ್ಳ್ ಹೇಳಿದ್ರಿ?"

"ನಿಮ್ಮಮ್ಮ ದಿನಾ ಇದೇ ಗುಂಪಿನವ್ರ ಹತ್ರ ಮೀನ್ ಎತ್ತುದ್. ನಿಮ್ಮ ಹೆಸರ್ ಹೇಳ್ರೆ ಅವ್ರ್ ಇಲ್ಲಿ ತಲೆ ಎತ್ತಿ ನಿಲ್ಲುಕಾಗಾ. ಮತ್ತೆ, ತಪ್ಪ್ ನಂದೂ ಇತ್ತ್. ಅಜ್ಜನ ಮಾರ್ ಅಂದೇಳಿ ನಂಗೆ ಗೊತ್ತಿತ್ತ್. ಅಂಗಡಿಯಗೆ ಕೈ ಚಾಚಿ ನಿಂತಾಗ ಮರ್ತ್ ಹೋಯ್ತ್."

"ಹಾಂಗಾರೆ ನನ್ನ ಕಂಡ್ ಮುಖ ತಿರ್ಗ್ಸಿದ್ದ್ ಎಂತಕೆ?"

"ನಿಮ್ಮ ಮುಖ ಕಂಡ್ರೆ ಎಲ್ಲ ಹೇಳಿ ಹೋತ್ತಿತ್ತ್."

"ಎಲ್ಲ ಅಂದ್ರೆ? ಹಗ್ಗದ್ದಾ?"

ಅವನು ಕಿವಿಯ ಹಿಂದೆ ಕೆರೆದುಕೊಂಡ. "ಆ ಪಟ್ಟಿಯನ್ನ ಯಾರೂ ಕೇಂಡಿರ್ಲಿಲ್ಲೆ. ಪಿಡಿಎಫೂ ಬ್ಯಾಡ, ವರ್ಡೂ ಬ್ಯಾಡ. ಆ ಚಕ್ರ ತಿರ್ಗುವಷ್ಟ್ ಹೊತ್ತ್ ನಿಲ್ಲುಕ್ ಬತ್ತಿದ್ದೆ."

ಎಷ್ಟು ದಿನದಿಂದ ಬೇಕಾಗಿದ್ದ ಮಾತು. ಈಗ ಸಿಕ್ಕಿದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಖುಷಿಯೋ ಅಳುವೋ ಗೊತ್ತಾಗದೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸಂಜಿ ಹೋಪುದೇ ಹೌದಾ?"

"ಮಾತ್ ಕೊಟ್ಟಾಯ್ತ್. ಬೋಟ್ ನಡ್ಸುವ ತಾಂಡೇಲ ನನ್ನ ನಂಬ್ಕಂಡ್ ಬ್ಯಾರೆ ಒಬ್ಬನ್ನ ಬಿಟ್ಟಿದ್ದ."

ಅಷ್ಟರಲ್ಲಿ ಪದ್ದು ಕೂಗಿದ. ಎಳೆಯುವ ಹೊತ್ತಾಗಿತ್ತು. ನೀರಿನಿಂದ ದಡಕ್ಕೆ ಬಂದ ಎರಡು ಹಗ್ಗಕ್ಕೆ ಜನ ಸಾಲುಗಟ್ಟಿದರು. ಆದಿತ್ಯವಾರ, ಈ ಬದಿಯ ಸಾಲಿನಲ್ಲಿ ಜನ ಕಡಿಮೆ. ನವ್ಯಶ್ರೀ ಚಪ್ಪಲಿ ಕಳಚಿ, ಸೆರಗಿನ ಬದಲು ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ, ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದಳು. ಒದ್ದೆ ಹಗ್ಗ ಅಂಗೈಯನ್ನು ಸುಟ್ಟಿತು. ಅವಳ ಹಿಂದೆ ರತನ್ ನಿಂತ. ಕೂಗಿಗೆ ತಕ್ಕಂತೆ ಎಲ್ಲರೂ ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದರು.

ಮುಖ ಕಾಣುತ್ತಿರಲಿಲ್ಲ. ಆದ್ದರಿಂದ ಮಾತು ಸುಲಭವಾಯಿತು.

"ನಿಲ್ಲಿ ಅಂದೇಳಿ ಹೇಳುಕೆ ನಾನ್ ಯಾರ್ ಅಂತ ನಂಗೂ ಗೊತ್ತಿಲ್ಲೆ," ಎಂದಳು ಕಡಲಿನ ಕಡೆಗೇ ನೋಡುತ್ತ. "ಆದ್ರೂ ಹೇಳ್ತೆ. ಹೋಪುದ್ ಬ್ಯಾಡ. ಬಲೆ ಸರಿ ಮಾಡುಕ್ ಅಂದೇಳಿ ಅಲ್ಲ. ನಂಗೆ ಬೇಕ್ ಅಂದೇಳಿ."

ಎರಡು ಹೆಜ್ಜೆ, ಮೂರು ಹೆಜ್ಜೆ. ಹಠಾತ್ತನೆ ಹಗ್ಗ ಅವಳ ಕೈಯಲ್ಲಿ ಭಾರವಾಯಿತು. ಹಿಂದೆ ಹಿಡಿದವನು ಬಿಟ್ಟಿದ್ದ. ಹೋದನೇ? ಅವಳು ಕಾಲನ್ನು ಮರಳಲ್ಲಿ ಊರಿದಳು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕಣ್ಣು ಮಂಜಾಯಿತು, ಕಡಲೂ ದೋಣಿಯೂ ಒಂದೇ ಆದವು.

ಆಮೇಲೆ ಹಿಂದಿನಿಂದ ದನಿ ಕೇಳಿತು. ಅವನು ಅವಳೊಡನೆ ಮಾತಾಡುತ್ತಿರಲಿಲ್ಲ.

"ಹ್ವಾಯ್ ತಾಂಡೇಲ್ರೆ, ರತನ್ ಮಾತಾಡುದ್. ನಾನ್ ಬತ್ತಿಲ್ಲೆ ಮರಾಯ್ರೆ. ಬ್ಯಾರೆಯವ್ರನ್ನ ಕಾಣಿ... ಇಲ್ಲೆ, ಹುಶಾರಿದ್ದೆ. ಬಲೆ ಕೆಲ್ಸ ಇತ್ತ್... ಹೌದ್, ಅದೊಂದೇ ಅಲ್ಲ. ಬೈನಿ, ಎಷ್ಟ್ ಬೇಕಾರೂ ಬೈನಿ."

ಫೋನು ಜೇಬಿಗೆ ಬಿದ್ದ ಸದ್ದಾಯಿತು. ಹಗ್ಗ ಹಗುರವಾಯಿತು.

"ಆ ಹಿಂದಿನವ್ರ್ ಎಂತ ಮಾತಾಡುದ್, ಎಳುದಾ?" ಎಂದು ಪದ್ದು ಗದರಿದ.

ಮೀನು ಕೊಳ್ಳಲು ಬುಟ್ಟಿ ಹಿಡಿದು ನಿಂತ ಹೆಂಗಸರ ನಡುವೆ ಬಾಗಿ ಇದ್ದಳು. ಸೊಂಟಕ್ಕೆ ಕೈಯಿಟ್ಟು ಈ ಸಾಲಿನ ಕೊನೆಯನ್ನೇ ನೋಡುತ್ತಿದ್ದಳು.

"ನಿಮ್ಮಮ್ಮ ಕಾಣ್ತಿದ್ರ್," ಎಂದ ರತನ್ ಮೆಲ್ಲಗೆ. "ಅವ್ರ ಹತ್ರ ನಾನ್ ಎಂತ ಹೇಳುದ್?"

"ಈಗ್ಳ್ ಎಂತ ಹೇಳುದ್ ಬ್ಯಾಡ," ಎಂದಳು ನವ್ಯಶ್ರೀ. "ಮೊದ್ಲ್ ಸಮಾ ಎಳಿ. ಅಮ್ಮ ಅದನ್ನೇ ಕಾಂಬುದ್."

ಅವನು ನಕ್ಕದ್ದು ಹಗ್ಗದಲ್ಲಿ ತಿಳಿಯಿತು. ದೂರದ ನೀರಿನಲ್ಲಿ ಬಲೆಯ ತೇಲುಗಳು ಒಂದೊಂದಾಗಿ ಹತ್ತಿರ ಬರುತ್ತಿದ್ದವು, ಅವುಗಳ ನಡುವೆ ಬೆಳ್ಳಗೆ ಏನೋ ಚಿಮ್ಮಿತು.